ಹೆಸರಿನಲ್ಲಿ ಉಳಿದ ಛತ್ರ, ಚಿತ್ರದಲ್ಲಿ ಉಳಿಯಬೇಕಾದ ಜಗಲಿ

ಮೈಸೂರು ಸೀಮೆಯಲ್ಲಿ ಕ್ಯಾಮೆರಾಗಳು ಅತಿ ಹೆಚ್ಚು ಕಂಡ ಕಟ್ಟಡ ಯಾವುದೆಂದು ಕೇಳಿದರೆ ಬಹುಪಾಲು ಜನ ಅರಮನೆಯತ್ತ ಬೆರಳು ತೋರಿಸುತ್ತಾರೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ, 1912ರಲ್ಲಿ ಪೂರ್ಣಗೊಂಡ ಆ ಸೌಧದ ಚಿತ್ರ ಕ್ಯಾಲೆಂಡರುಗಳಲ್ಲಿದೆ, ಬಿಸ್ಕತ್ತಿನ ಡಬ್ಬಿಗಳ ಮೇಲಿದೆ, ಲಕ್ಷಾಂತರ ಮೊಬೈಲುಗಳಲ್ಲಿದೆ. ಅದು ನಾಳೆ ಹೇಗಿರಬಹುದೆಂದು ಹೇಳಲಾಗದು. ಆದರೆ ನಿನ್ನೆ ಹೇಗಿತ್ತೆಂಬುದಕ್ಕೆ ಸಾಕ್ಷ್ಯದ ಕೊರತೆ ಎಂದೂ ಬಾರದು. ಇದೇ ಮಾತನ್ನು ಅರಮನೆಯಿಂದ ನಂಜನಗೂಡಿನ ದಾರಿ ಹಿಡಿದು ಹೊರಟವರು ಎಡಬಲಕ್ಕೆ ಕಾಣುವ ಹೆಂಚಿನ ಮನೆಗಳ ಬಗ್ಗೆ, ಅರಳಿಕಟ್ಟೆಗಳ ಬಗ್ಗೆ, ಊರ ನಡುವಿನ ಅಂಗಡಿಸಾಲುಗಳ ಬಗ್ಗೆ ಹೇಳಬಹುದೇ?

ನಂಜನಗೂಡು ತಾಲ್ಲೂಕಿನ ಹೋಬಳಿಯೊಂದರ ಹೆಸರು ಚಿಕ್ಕಯ್ಯನಛತ್ರ. ಆ ಹೆಸರಿನೊಳಗೇ ಒಂದು ಕಟ್ಟಡವಿದೆ. ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ಹೋಗುವವರು ಹೊತ್ತು ಮುಳುಗಿದರೆ ಮಲಗಲು, ಒಲೆ ಹೂಡಿ ಅನ್ನ ಬೇಯಿಸಿಕೊಳ್ಳಲು ಪುಣ್ಯಾತ್ಮರು ಕಟ್ಟಿಸುತ್ತಿದ್ದ ತಂಗುದಾಣವೇ ಛತ್ರ. ನಮ್ಮ ದಾರಿಗಳ ಉದ್ದಕ್ಕೂ ಇಂಥ ಛತ್ರಗಳಿದ್ದವು. ಬಸ್ಸು ರೈಲುಗಳು ಬಂದ ಮೇಲೆ ಅವುಗಳಲ್ಲಿ ಅನೇಕವು ಶಾಲೆಗಳಾದವು, ಕಚೇರಿಗಳಾದವು, ಇಲ್ಲವೇ ಪಾಳುಬಿದ್ದವು. ಹೆಸರು ಕಟ್ಟಡಕ್ಕಿಂತ ಹೆಚ್ಚು ಕಾಲ ಬದುಕುತ್ತದೆ ಎಂಬುದು ನಿಜ. ಆದರೆ ಛತ್ರದ ಜಗಲಿ ಎಷ್ಟು ಎತ್ತರವಿತ್ತು, ಕಂಬಗಳು ಕಲ್ಲಿನವೋ ಮರದವೋ, ದೀಪದ ಗೂಡು ಬಾಗಿಲಿನ ಯಾವ ಮಗ್ಗುಲಿಗಿತ್ತು ಎಂಬುದನ್ನು ಹೆಸರು ಹೇಳಲಾರದು. ಅದನ್ನು ಹೇಳಬಲ್ಲದ್ದು ಚಿತ್ರ ಮಾತ್ರ.

ಹಲವು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ನಾನು ಈ ಭಾಗದ ಊರುಗಳಲ್ಲಿ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದೇನೆ. ನಾನು ತೆಗೆಯುವ ಚಿತ್ರಗಳಲ್ಲಿ ವಿಶೇಷವೇನೂ ಇಲ್ಲ: ನಾಡಹೆಂಚಿನ ಸೂರು, ಎಣ್ಣೆ ಹಿಡಿದು ಕಪ್ಪಾದ ಬಾಗಿಲುವಾಡ, ತಲೆಹೊರೆ ಇಳಿಸಿಕೊಳ್ಳಲು ದಾರಿಬದಿಯಲ್ಲಿ ನೆಟ್ಟ ಕಲ್ಲು, ಕೈಯಲ್ಲಿ ಬರೆದ ಅಂಗಡಿಯ ಬೋರ್ಡು, ಜಗಲಿಯ ಮೇಲೆ ಕುಳಿತು ಸೊಪ್ಪು ಸೋಸುವ ಹೆಂಗಸರು. ಈ ಕೆಲಸದಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಎಲ್ಲ ಊರುಗಳಲ್ಲೂ ಒಂದೇ: ‘ಯಾಕ್ ಸ್ವಾಮಿ, ರೋಡ್ ಅಗಲ ಮಾಡ್ತಾರಾ?’

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಹಳ್ಳಿಯ ಸಾಮಾನ್ಯ ಮನೆಯೊಂದರ ಮುಂದೆ ಅಪರಿಚಿತನೊಬ್ಬ ಕ್ಯಾಮೆರಾ ಹಿಡಿದು ನಿಂತನೆಂದರೆ ಒಂದೋ ಮನೆ ಕೆಡವಲು ಗುರುತು ಮಾಡುತ್ತಿರಬೇಕು, ಇಲ್ಲವೇ ಬಿದ್ದ ಮನೆಗೆ ಪರಿಹಾರ ಬರೆದುಕೊಳ್ಳುತ್ತಿರಬೇಕು. ಮೂರನೆಯ ಕಾರಣವೊಂದು ಇರಬಹುದೆಂದು ಜನರಿಗೆ ತೋಚುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ನೀರು ಇಳಿದ ಮೇಲೆ ನದಿಯಂಚಿನ ಹಳ್ಳಿಯೊಂದರಲ್ಲಿ ನಾನು ಮಣ್ಣಿನ ಗೋಡೆಯ ಮನೆಯೊಂದನ್ನು ನೋಡುತ್ತಿದ್ದಾಗ ಒಳಗಿನಿಂದ ಅಜ್ಜಿಯೊಬ್ಬರು ಬಂದು, ಸೆರಗು ಸರಿಮಾಡಿಕೊಂಡು, ಕುಸಿದ ಗೋಡೆಯ ಪಕ್ಕದಲ್ಲಿ ತಾವಾಗಿಯೇ ನಿಂತರು. ‘ನಾನು ಸರ್ಕಾರದವನಲ್ಲ ಅಜ್ಜಿ’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಇರ್ಲಿ ಬುಡಪ್ಪ, ಬಿದ್ದೋಗಿರೋದ್ನ ಯಾಕ್ ತಗೀತೀಯೆ? ನಿಂತಿರೋ ಕಡೀದು ತಗಿ’ ಎಂದು ಮನೆಯ ಇನ್ನೊಂದು ಬದಿಗೆ ಕರೆದೊಯ್ದರು. ಅಲ್ಲಿ ಸಗಣಿ ಸಾರಿಸಿದ ಜಗಲಿಯಿತ್ತು, ಅವರ ಅತ್ತೆಯ ಕಾಲದ ಒರಳುಕಲ್ಲಿತ್ತು, ಕೆಮ್ಮಣ್ಣಿನ ಪಟ್ಟೆ ಎಳೆದ ಗೋಡೆಯಿತ್ತು. ಮುಂದಿನ ವರ್ಷ ಅತ್ತ ಹೋದಾಗ ಅದೇ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿತ್ತು. ಅಜ್ಜಿ ಸುಖವಾಗಿದ್ದರು. ಮಳೆ ಬಂದರೆ ಈಗ ಹೆದರಿಕೆಯಿಲ್ಲ ಎಂದರು. ಒಯ್ದಿದ್ದ ಚಿತ್ರದ ಪ್ರತಿಯನ್ನು ಕೊಟ್ಟಾಗ ಒರಳುಕಲ್ಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

ಈ ಘಟನೆಯನ್ನು ಹೇಳಲು ಕಾರಣವಿದೆ. ಹಳೆಯ ಮನೆಗಳ ಬಗ್ಗೆ ಮರುಗುವವರಲ್ಲಿ ಅನೇಕರು ಅವುಗಳಲ್ಲಿ ವಾಸಿಸಿದವರಲ್ಲ. ಸೋರುವ ಸೂರಿನಡಿ ಮಳೆಗಾಲ ಕಳೆದವರಿಗೆ ಆರ್‌ಸಿಸಿ ತಾರಸಿ ಒಂದು ಬಿಡುಗಡೆ. ವರ್ಷವರ್ಷವೂ ಹೆಂಚು ಕೈಯಾಡಿಸುವ ಕುಶಲಿಗಳು ಈಗ ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಹೀಗಿರುವಾಗ ‘ತೊಟ್ಟಿಮನೆ ಉಳಿಸಿ’ ಎಂದು ಅದರ ಒಡೆಯನಿಗೆ ಉಪದೇಶಿಸುವುದು ನ್ಯಾಯವಲ್ಲ. ಆದರೆ ಕೆಡವುವ ಮುನ್ನ ಒಂದು ಮಧ್ಯಾಹ್ನವನ್ನು ಮೀಸಲಿಟ್ಟು ಚಿತ್ರ ತೆಗೆಯಿರಿ ಎಂದು ಕೇಳುವುದು ಯಾರಿಗೂ ಹೊರೆಯಾಗದು. ಎಲ್ಲವನ್ನೂ ಉಳಿಸಲಾಗದ ಸಮಾಜ ಎಲ್ಲವನ್ನೂ ದಾಖಲಿಸುವುದನ್ನಾದರೂ ಮಾಡಬಹುದು.

ನಮ್ಮಲ್ಲಿ ದಾಖಲಾತಿಯ ಪರಂಪರೆ ಇಲ್ಲವೆಂದಲ್ಲ. ಅದು ಆರಂಭದಿಂದಲೂ ದೇವಾಲಯಗಳತ್ತ ಮುಖ ಮಾಡಿದೆ. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಶಿಲ್ಪಗಳನ್ನು ಸೆರೆಹಿಡಿದ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ 1917ರಲ್ಲಿಯೇ ಚಿತ್ರಸಹಿತ ಗ್ರಂಥ ಪ್ರಕಟಿಸಿದರು. ಟಿ. ನರಸೀಪುರ ತಾಲ್ಲೂಕಿನ ಆ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ಕೇಶವ ದೇವಾಲಯದ ಎದುರಿನ ಬೀದಿಯ ಮನೆಗಳು ಅದೇ 1917ರಲ್ಲಿ ಹೇಗಿದ್ದವು ಎಂದು ತಿಳಿಯಬಯಸುವವನಿಗೆ ಆ ಗ್ರಂಥದಿಂದ ಉಪಯೋಗವಿಲ್ಲ. ದೇವರ ಮನೆಗೆ ದಾಖಲೆಯಿದೆ, ಮನುಷ್ಯರ ಮನೆಗಿಲ್ಲ.

ಕ್ಯಾಮೆರಾವನ್ನು ಮನುಷ್ಯರತ್ತ ತಿರುಗಿಸಿದವರಲ್ಲಿ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಪ್ರಮುಖರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾದವು. ಮಕ್ಕಳ ಬದುಕಿನ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಬಹುಪಾಲು ಚಿತ್ರಗಳಲ್ಲಿ ಇರುವುದು ಯಾರ ಗಮನಕ್ಕೂ ಬಾರದ ಸಾಧಾರಣ ಕ್ಷಣಗಳು. ಅಂದು ಸಾಧಾರಣವಾಗಿದ್ದ ಆ ಕ್ಷಣಗಳೇ ಇಂದು ಚರಿತ್ರೆಯ ಆಕರಗಳಾಗಿವೆ. ದಿನನಿತ್ಯದ ದೃಶ್ಯದ ಬೆಲೆ ತೆಗೆದ ದಿನ ತಿಳಿಯುವುದಿಲ್ಲ. ಅದು ಬಡ್ಡಿಯಂತೆ ನಿಧಾನವಾಗಿ ಬೆಳೆಯುತ್ತದೆ.

ಅಮೆರಿಕದ ಷಿಕಾಗೊ ನಗರದಲ್ಲಿ ರಿಚರ್ಡ್ ನಿಕೆಲ್ ಎಂಬ ಛಾಯಾಗ್ರಾಹಕನಿದ್ದ. ಲೂಯಿ ಸಲಿವನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಸೌಧಗಳನ್ನು ಒಂದೊಂದಾಗಿ ಕೆಡವುತ್ತಿದ್ದ ಕಾಲವದು. ನಿಕೆಲ್ ಆರಂಭಿಸಿದ್ದು ವಿದ್ಯಾರ್ಥಿಯಾಗಿ ಚಿತ್ರ ತೆಗೆಯುವುದರಿಂದ. ಮುಂದೆ ಕೆಡವುವುದರ ವಿರುದ್ಧ ಬೀದಿಗಿಳಿದ, ತಡೆಯಲಾಗದಿದ್ದಾಗ ಅಲಂಕಾರದ ತುಣುಕುಗಳನ್ನು ಆಯ್ದು ತಂದ. 1972ರ ಏಪ್ರಿಲ್‌ನಲ್ಲಿ, ಕೆಡವುತ್ತಿದ್ದ ಷೇರು ವಿನಿಮಯ ಕಟ್ಟಡದೊಳಗೆ ಅದೇ ಕೆಲಸದಲ್ಲಿದ್ದಾಗ ಕಟ್ಟಡ ಕುಸಿದು ಪ್ರಾಣಬಿಟ್ಟ. ಆ ಕಟ್ಟಡದ ವ್ಯಾಪಾರದ ಸಭಾಂಗಣವನ್ನು ಮುಂದೆ ಷಿಕಾಗೊದ ಕಲಾ ಸಂಗ್ರಹಾಲಯದಲ್ಲಿ ಮರುನಿರ್ಮಿಸಲಾಯಿತು. ಕೆಡವಿದ ಅನೇಕ ಕಟ್ಟಡಗಳನ್ನು ಇಂದಿನ ವಿದ್ಯಾರ್ಥಿಗಳು ನೋಡುವುದು ಅವನ ಚಿತ್ರಗಳಲ್ಲಿ.

ನಮ್ಮಲ್ಲೂ ಕಟ್ಟಡಗಳು ಮುನ್ಸೂಚನೆಯಿಲ್ಲದೆ ಕುಸಿದಿವೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಬಿದ್ದು ನಾಲ್ವರು ಸತ್ತರು. ನಾಲ್ಕು ವರ್ಷಗಳ ನಂತರ, ಅದೇ ಆಗಸ್ಟ್ ತಿಂಗಳಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ನೆಲಕ್ಕುರುಳಿತು. ದುರಸ್ತಿ ಮಾಡುವುದೋ ಕೆಡವಿ ಕಟ್ಟುವುದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಈ ಎರಡರಲ್ಲಿ ಯಾವ ದಾರಿ ಹಿಡಿದರೂ ಮೊದಲು ಬೇಕಾಗುವುದು ಅಳತೆಯುಳ್ಳ, ತಾರೀಖುಳ್ಳ ಚಿತ್ರಗಳು. ಕಮಾನಿನ ಬಾಗು ಎಷ್ಟು, ಗಾರೆಯ ಹೂವಿನ ಎಸಳು ಎಷ್ಟು ಎಂಬುದನ್ನು ನೆನಪಿನಿಂದ ಕಟ್ಟಲಾಗದು.

ನಂಜನಗೂಡಿನಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಮಳೆಗಾಲದಲ್ಲಿ ಕಪಿಲೆ ತುಂಬಿದರೆ ಪತ್ರಿಕೆಗಳಲ್ಲಿ ತಪ್ಪದೆ ಬರುವ ಚಿತ್ರ ನದಿಯಲ್ಲಿ ಮುಳುಗಿದ ಹದಿನಾರು ಕಾಲು ಮಂಟಪದ್ದು. ನೀರು ಎಷ್ಟು ಏರಿತೆಂದು ಓದುಗರಿಗೆ ತಿಳಿಯುವುದು ಮಂಟಪ ಎಷ್ಟು ಕಾಣುತ್ತಿದೆ ಎಂಬುದರಿಂದ. ಹಾಗೆ ವರ್ಷವರ್ಷವೂ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಅದೇ ನೆರೆಯ ಒಂದು ಚರಿತ್ರೆ. ಅಲ್ಲಿಯೇ ಇರುವ ಹಳೆಯ ಸೇತುವೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ರೈಲು ಎಂಬುದೇ ಇಲ್ಲದ ಕಾಲದಲ್ಲಿ ಕಟ್ಟಿದ ಆ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಬ್ರಾಡ್‌ಗೇಜ್ ಹಳಿ ಬಂದ ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಸರಿಯಿತು. ಒಂದೇ ಕಮಾನಿನ ಮೇಲೆ ಗಾಡಿಯೂ ರೈಲೂ ಹೋದ ಆ ದಿನಗಳನ್ನು ಇನ್ನು ಚಿತ್ರಗಳಲ್ಲಷ್ಟೇ ಕಾಣಬೇಕು.

ಕಟ್ಟಡಗಳಷ್ಟೇ ಅಲ್ಲ, ಅವುಗಳ ಸುತ್ತಲಿನ ಜೀವನವೂ ಬದಲಾಗುತ್ತದೆ. ಶ್ರೀಕಂಠೇಶ್ವರನ ಪಂಚರಥಗಳನ್ನು ಸಾವಿರಾರು ಜನ ಚಿತ್ರಿಸುತ್ತಾರೆ. ರಥದ ಹಗ್ಗ ಸುತ್ತಿಡುವವರನ್ನು, ಹೊಳೆಯ ದಂಡೆಯಲ್ಲಿ ಮುಡಿ ತೆಗೆಯುವ ಕ್ಷೌರಿಕರನ್ನು ಚಿತ್ರಿಸುವವರು ವಿರಳ. ನಂಜನಗೂಡಿನ ರಸಬಾಳೆ ಸೊರಗು ರೋಗದಿಂದ ಕುಗ್ಗಿಹೋದ ಮೇಲೆ, ಅದರ ಗೊನೆಗಳನ್ನು ಸಾಲಾಗಿ ತೂಗುಹಾಕಿದ ಅಂಗಡಿಯ ಹಳೆಯ ಚಿತ್ರವೊಂದು ಕೃಷಿಯ ದಾಖಲೆಯೂ ಆಗುತ್ತದೆ. ಟಿ. ನರಸೀಪುರದ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳಕ್ಕೆ ಕ್ಯಾಮೆರಾಗಳ ದಂಡೇ ಬರುತ್ತದೆ. ಮೇಳವಿಲ್ಲದ ದಿನ ಅದೇ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವವರೂ ದೋಣಿಯವರೂ ಇರುತ್ತಾರೆ, ಕ್ಯಾಮೆರಾ ಇರುವುದಿಲ್ಲ.

ಇಂದು ಮನೆಮನೆಯಲ್ಲೂ ಕ್ಯಾಮೆರಾ ಇದೆ, ಕೊರತೆ ಎಲ್ಲಿ ಎಂದು ಕೇಳಬಹುದು. ಕೊರತೆ ಇರುವುದು ವಿವರದಲ್ಲಿ. ಎಲ್ಲಿ, ಯಾವಾಗ, ಯಾವುದು ಎಂದು ಬರೆದಿಡದ ಚಿತ್ರ ಹತ್ತು ವರ್ಷದಲ್ಲಿ ಮೂಕವಾಗುತ್ತದೆ. ಮೊಬೈಲು ಕಳೆದರೆ, ಹಾರ್ಡ್‌ಡಿಸ್ಕ್ ಕೆಟ್ಟರೆ ಸಾವಿರಾರು ಚಿತ್ರಗಳು ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಹಿಂದಿನ ಸ್ಟುಡಿಯೊಗಳ ನೆಗೆಟಿವ್‌ಗಳು ಬೂಷ್ಟು ಹಿಡಿದಾದರೂ ಅರೆಬರೆ ಉಳಿಯುತ್ತಿದ್ದವು. ಮೇಲಾಗಿ ಇಂದಿನ ಚಿತ್ರಗಳಲ್ಲಿ ಮುಂದೆ ನಿಲ್ಲುವುದು ನಮ್ಮ ಮುಖ. ಮನೆ ಹಿಂದೆ ಮಸುಕಾಗಿರುತ್ತದೆ.

ಈ ಕೆಲಸಕ್ಕೆ ದೊಡ್ಡ ಯೋಜನೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಹೈಸ್ಕೂಲಿನ ಮಕ್ಕಳು ತಮ್ಮ ಊರಿನ ಒಂದೊಂದು ಬೀದಿಯನ್ನು ವಹಿಸಿಕೊಳ್ಳಲಿ. ಮನೆಯವರ ಒಪ್ಪಿಗೆ ಪಡೆದು ಎದುರಿನಿಂದ ಒಂದು, ಒಳತೊಟ್ಟಿಯಿಂದ ಒಂದು, ಬಾಗಿಲಿನದೊಂದು ಚಿತ್ರ ತೆಗೆಯಲಿ. ಅಳತೆ ತಿಳಿಯಲು ಗೋಡೆಗೊಂದು ಅಡಿಕೋಲು ಒರಗಿಸಲಿ. ಹೊರಗೋಡೆಯ ಕೆತ್ತನೆಗೆ ನೆತ್ತಿಯ ಬಿಸಿಲು ಒಗ್ಗುವುದಿಲ್ಲ, ಬೆಳಗಿನ ಓರೆ ಬೆಳಕು ಬೇಕು. ತೊಟ್ಟಿಯೊಳಗೆ ಮಾತ್ರ ಸೂರ್ಯ ಮೇಲೇರಿದಾಗಲೇ ಮೂಲೆಗಳು ಕಾಣುತ್ತವೆ. ಇಷ್ಟನ್ನು ಒಂದು ದಿನದಲ್ಲಿ ಕಲಿಸಬಹುದು. ಆ ಮನೆ ಯಾರು ಕಟ್ಟಿಸಿದ್ದು, ಮರ ಎಲ್ಲಿಂದ ಬಂತು, ಮಳೆಯಲ್ಲಿ ಎಲ್ಲಿ ಸೋರುತ್ತದೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಅಚ್ಚು ಹಾಕಿಸಿದ ಒಂದು ಪ್ರತಿ ಆ ಮನೆಯವರಿಗೆ, ಇನ್ನೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಸೇರಲಿ.

ಹೀಗೆ ಮಾಡಿದರೆ ಚಿಕ್ಕಯ್ಯನಛತ್ರದಂಥ ಊರುಗಳ ಮುಂದಿನ ತಲೆಮಾರಿಗೆ ಹೆಸರಿನ ಜೊತೆಗೆ ರೂಪವೂ ದಕ್ಕುತ್ತದೆ. ಮುಖ್ಯವಾಗಿ, ಕ್ಯಾಮೆರಾ ಹಿಡಿದು ಬಂದವನನ್ನು ಕಂಡು ‘ಮನೆ ಒಡೀತಾರಾ?’ ಎಂದು ಅಂಜುವ ಜನರಿಗೆ, ತಮ್ಮ ಮನೆಯೂ ನೋಡತಕ್ಕದ್ದು, ತಮ್ಮ ಬದುಕೂ ಬರೆದಿಡತಕ್ಕದ್ದು ಎಂಬ ಭಾವನೆ ಮೂಡುತ್ತದೆ. ಅರಮನೆಗೆ ಎಂದೋ ಸಂದ ಆ ಗೌರವ ಜಗಲಿಗೂ ಸಲ್ಲಬೇಕು.