ಅಷ್ಟು ದೊಡ್ಡ ಕಣ್ಣು ಯಾಕೆ?

ಇವತ್ತು ರಾಜಕೀಯ ಬೇಡ. ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

2025ರ ಏಪ್ರಿಲ್‌ನಲ್ಲಿ ಒಂದು ವಿಡಿಯೋ ಬಂತು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಹತ್ತಿರ, 600 ಮೀಟರ್ ಆಳದಲ್ಲಿ, ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನವರ ರೋಬೋಟ್ ಕ್ಯಾಮೆರಾಗೆ ಕೊಲೊಸಲ್ ಸ್ಕ್ವಿಡ್ ಸಿಕ್ಕಿತ್ತು. ಈ ಪ್ರಾಣಿ ತನ್ನ ಮನೆಯಲ್ಲೇ ಜೀವಂತವಾಗಿ ಈಜುತ್ತಿದ್ದದ್ದು ಖಚಿತವಾಗಿ ಕ್ಯಾಮೆರಾಗೆ ಸಿಕ್ಕಿದ್ದು ಅದೇ ಮೊದಲು. ನಮ್ಮ ಡೆಸ್ಕ್‌ನಲ್ಲಿ ಹಬ್ಬವೋ ಹಬ್ಬ! ಹಡಗನ್ನು ತಬ್ಬಿ ಎಳೆಯುವ ಗ್ರಾಫಿಕ್ಸ್, ಎದೆ ನಡುಗಿಸುವ ಮ್ಯೂಸಿಕ್, ಕೆಳಗೆ ಕೆಂಪು ಪಟ್ಟಿ: ‘ಸಮುದ್ರ ರಾಕ್ಷಸ ಪ್ರತ್ಯಕ್ಷ!’ ಓದಿದ್ದು ನಾನೇ.

ರಾತ್ರಿ ಅಮ್ಮ ಫೋನ್ ಮಾಡಿದ್ರು. “ಅದಕ್ಕೆ ಫುಟ್‌ಬಾಲ್‌ಗಿಂತ ದೊಡ್ಡ ಕಣ್ಣು ಅಂದ್ಯಲ್ಲೋ. ಕತ್ತಲಲ್ಲಿ ಇರೋದಕ್ಕೆ ಅಷ್ಟು ದೊಡ್ಡ ಕಣ್ಣು ಯಾಕೋ?”

ಉತ್ತರ ಗೊತ್ತಿರಲಿಲ್ಲ. ಅರ್ಧ ಗಂಟೆ ಕಾರ್ಯಕ್ರಮ ಮಾಡಿದವನಿಗೆ ಗೊತ್ತಿರಲಿಲ್ಲ! ಅವತ್ತೇ ಕೂತು ಓದೋಕೆ ಶುರು ಮಾಡಿದೆ.

ಮಂಗಳೂರು, ಮಲ್ಪೆ ಕಡೆಯವರಿಗೆ ಸ್ಕ್ವಿಡ್ ಹೊಸದಲ್ಲ, ಬೊಂಡಾಸ್ ಅಂತಾರೆ. ಕೊಲೊಸಲ್ ಸ್ಕ್ವಿಡ್ ಅದರ ದೂರದ, ದೈತ್ಯ ನೆಂಟ. ಅಂಟಾರ್ಕ್ಟಿಕಾ ಸುತ್ತಲಿನ ತಣ್ಣನೆಯ ಆಳದಲ್ಲಿ ಅದರ ವಾಸ. ಇದು ಮನುಷ್ಯನಿಗೆ ಮೊದಲು ಗೊತ್ತಾಗಿದ್ದು ಹೇಗೆ ಅಂತೀರಿ? ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳುಗಳ ತುಂಡಿನಿಂದ. 1925ರಲ್ಲಿ ಗೈ ರಾಬ್ಸನ್ ಅನ್ನೋ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞರು ಆ ತುಂಡುಗಳನ್ನೇ ನೋಡಿ ಹೆಸರಿಟ್ಟರು. ಅಂದರೆ ನಮಗೆ ಅದರ ಪರಿಚಯ ಆಗಿದ್ದೇ ಇನ್ನೊಬ್ಬರ ಊಟವಾಗಿ. ಈ ಮಾತು ನೆನಪಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

2007ರ ಫೆಬ್ರವರಿಯಲ್ಲಿ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡ್‌ನ ಮೀನುಗಾರಿಕಾ ಹಡಗೊಂದು ಗಾಳದ ಹಗ್ಗ ಎಳೆದಾಗ, ಗಾಳಕ್ಕೆ ಬಿದ್ದ ಟೂತ್‌ಫಿಶ್ ಮೀನನ್ನು ಕಚ್ಚಿಕೊಂಡೇ ಇದೊಂದು ಮೇಲೆ ಬಂತು. ತೂಕ 495 ಕೆ.ಜಿ! ಬೆನ್ನುಮೂಳೆ ಇಲ್ಲದ ಪ್ರಾಣಿಗಳಲ್ಲಿ ಇದಕ್ಕಿಂತ ಭಾರದ್ದು ಈವರೆಗೆ ಸಿಕ್ಕಿಲ್ಲ. ಉದ್ದ 10 ಮೀಟರ್ ಅಂತ ಅಂದಾಜು ಮಾಡಿದರು, ಜಗತ್ತಿನ ಟಿವಿಗಳೆಲ್ಲ ಅದನ್ನೇ ಹೇಳಿದವು. ಮರುವರ್ಷ ವೆಲ್ಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿ ಮಂಜು ಕರಗಿಸಿ ಟೇಪ್ ಹಿಡಿದರೆ 4.2 ಮೀಟರ್. ಸತ್ತ ಮೇಲೆ ಉದ್ದನೆಯ ಬಾಹುಗಳು ಕುಗ್ಗಿದ್ದವು, ನಿಜ. ಆದರೂ ಅಂದಾಜು ಬೇರೆ, ಅಳತೆ ಬೇರೆ. ಇಂಜಿನಿಯರಿಂಗ್ ಓದಿದ ನನಗೆ ಇದು ಮರೆಯಬಾರದಿತ್ತು.

ಈಗ ಒಳಗೆ ನೋಡೋಣ. ಎಂಟು ತೋಳು, ಎರಡು ಉದ್ದನೆಯ ಬಾಹು. ತೋಳುಗಳಲ್ಲಿ ಹೀರುಬಟ್ಟಲುಗಳ ಜೊತೆಗೆ ಚೂಪಾದ ಕೊಕ್ಕೆಗಳು. ಎರಡು ಬಾಹುಗಳ ತುದಿಯಲ್ಲಿರುವ ಕೊಕ್ಕೆಗಳಂತೂ ಬುಡದಲ್ಲೇ ಸುತ್ತ ತಿರುಗುತ್ತವೆ. ಮೀನು ಎತ್ತ ಒದ್ದಾಡಿದರೂ ಬಿಡುವುದಿಲ್ಲ. ತೋಳುಗಳ ನಡುವೆ ಗಿಣಿಯ ಕೊಕ್ಕಿನಂಥ ಬಾಯಿ.

ಹೃದಯ ಎಷ್ಟು? ಮೂರು. ಎರಡು ಹೃದಯ ರಕ್ತವನ್ನು ಕಿವಿರುಗಳಿಗೆ ದೂಡುತ್ತವೆ, ಮೂರನೆಯದು ಇಡೀ ಮೈಗೆ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಬೂಸ್ಟರ್ ಪಂಪ್ ಹಾಕ್ತೀವಲ್ಲ, ಹಾಗೆ. ರಕ್ತದ ಬಣ್ಣ ನೀಲಿ, ಯಾಕಂದ್ರೆ ಆಮ್ಲಜನಕ ಹೊರುವುದು ಕಬ್ಬಿಣವಲ್ಲ, ತಾಮ್ರ. ಇಷ್ಟು ಭಾರದ ಮೈ ಮುಳುಗುವುದಿಲ್ಲವಾ? ಇಲ್ಲ. ಮೈಯೊಳಗಿನ ಒಂದು ಕೋಣೆಯಲ್ಲಿ ಸಮುದ್ರದ ನೀರಿಗಿಂತ ಹಗುರವಾದ ಅಮೋನಿಯಂ ದ್ರಾವಣ ತುಂಬಿಕೊಂಡಿರುತ್ತದೆ. ಈಜದೆಯೂ ತೇಲುತ್ತದೆ.

ಮಿದುಳಿನ ವಿಷಯ ಕೇಳಿ. ಅದು ನಮ್ಮ ಉದ್ದಿನ ವಡೆಯ ಆಕಾರದಲ್ಲಿದೆ, ಮಧ್ಯದ ತೂತಿನಲ್ಲೇ ಅನ್ನನಾಳ ಹಾದುಹೋಗುತ್ತದೆ! ದೊಡ್ಡ ತುತ್ತು ನುಂಗಿದರೆ ಪೆಟ್ಟು ಬೀಳುವುದು ಮಿದುಳಿಗೇ. ಅದಕ್ಕೇ ಕೊಕ್ಕಿನಿಂದ ಸಣ್ಣಗೆ ಕತ್ತರಿಸಿ, ಒರಟು ನಾಲಿಗೆಯಿಂದ ಅರೆದು ನುಂಗಬೇಕು. ಸುದ್ದಿ ನುಂಗುವ ನಮಗೂ ಇಂಥದ್ದೊಂದು ವ್ಯವಸ್ಥೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಹಾಗಾದರೆ ಇದು ಬೆನ್ನಟ್ಟಿ ಬೇಟೆಯಾಡುವ ರಾಕ್ಷಸನಾ? ವಿಜ್ಞಾನಿಗಳು 2010ರಲ್ಲಿ ಒಂದು ಲೆಕ್ಕ ಹಾಕಿದರು. ಆ ಚಳಿಯಲ್ಲಿ ಇದರ ಮೈಯ ಕೆಲಸವೆಲ್ಲ ಎಷ್ಟು ನಿಧಾನ ಅಂದರೆ, 500 ಕೆ.ಜಿ. ತೂಗುವ ಸ್ಕ್ವಿಡ್‌ಗೆ ದಿನಕ್ಕೆ ಸುಮಾರು 30 ಗ್ರಾಂ ಆಹಾರ ಸಾಕು. ಐದು ಕೆ.ಜಿ.ಯ ಒಂದು ಮೀನು ಸುಮಾರು 200 ದಿನ ಬರುತ್ತದೆ ಅಂತ. ಓಡಿ ಹಿಡಿಯುವ ಬೇಟೆಗಾರನಲ್ಲ, ತೇಲುತ್ತಾ ಕಾಯುವ ಜೀವ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಕಣ್ಣಿನ ಅಗಲ ಸುಮಾರು 27 ಸೆಂಟಿಮೀಟರ್. ಬೇಟೆ ಹುಡುಕುವುದಕ್ಕೆ ಇಷ್ಟು ದೊಡ್ಡ ಕಣ್ಣು ಬೇಕಾಗಿಲ್ಲ ಅಂತ ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ಡಾನ್-ಎರಿಕ್ ನಿಲ್ಸನ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಸಣ್ಣ ಮೀನು ನೋಡಲು ಸಣ್ಣ ಕಣ್ಣೂ ಸಾಕು. ದೊಡ್ಡ ಕಣ್ಣಿನ ಲಾಭ ಇರುವುದು ಒಂದೇ ಕೆಲಸದಲ್ಲಿ: ದೂರದಿಂದ ಬರುವ ದೊಡ್ಡದನ್ನು ಕಾಣುವುದರಲ್ಲಿ. ಸ್ಪರ್ಮ್ ತಿಮಿಂಗಿಲ ಈಜುವಾಗ ಅದರ ಮೈಗೆ ತಾಗಿದ ಪುಟ್ಟ ಜೀವಿಗಳು ಮಿಣಮಿಣ ಬೆಳಗುತ್ತವೆ. ಆ ಮಂದ ಬೆಳಕಿನ ಆಕಾರವನ್ನು 120 ಮೀಟರ್‌ಗೂ ಹೆಚ್ಚು ದೂರದಿಂದ ಈ ಕಣ್ಣು ಗುರುತಿಸಬಲ್ಲದು ಅನ್ನುವುದು ಅವರ ಲೆಕ್ಕ. ತಪ್ಪಿಸಿಕೊಳ್ಳಲು ಅಷ್ಟೇ ಅಂತರ.

ನೋಡಿ, ಕೊಕ್ಕೆ ತೋರಿಸಿ ನಾವು ಯಾರನ್ನು ರಾಕ್ಷಸ ಅಂದೆವೋ, ಅದರ ಅಷ್ಟು ದೊಡ್ಡ ಕಣ್ಣು ಜೀವ ಉಳಿಸಿಕೊಳ್ಳುವುದಕ್ಕೆ ಇರುವುದು. ಇನ್ನೊಂದು ಹೇಳಲೇಬೇಕು. ಅವತ್ತಿನ ವಿಡಿಯೋದಲ್ಲಿ ಇದ್ದದ್ದು ಮೂವತ್ತೇ ಸೆಂಟಿಮೀಟರ್‌ನ ಗಾಜಿನಂತೆ ಪಾರದರ್ಶಕವಾದ ಮರಿ. ಶಾಲೆಯ ಸ್ಕೇಲ್‌ನಷ್ಟುದ್ದ! ಅದರ ಮೇಲೆ ನಾನು ‘ರಾಕ್ಷಸ’ ಅಂತ ಕೂಗಿದ್ದೆ.

ಅಮ್ಮನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಪಾಪ, ಅದೇ ಹೆದರ್ಕೊಂಡು ಬದುಕ್ತಿದೆ. ನೀನು ಅದನ್ನ ತೋರಿಸಿ ನಮ್ಮನ್ನ ಹೆದರಿಸಿದ್ಯಲ್ಲೋ” ಅಂದ್ರು.

ಇವತ್ತು ಗ್ರಾಫಿಕ್ಸ್ ಇಲ್ಲ, ಮ್ಯೂಸಿಕ್ಕೂ ಇಲ್ಲ.