ನಿಜವಾಗ್ಲೂ ಹೆದರಿಸೋ ಸಿನಿಮಾ ಹುಡುಕೋದು ಹೇಗೆ?

ಹಾರರ್ ಸಿನಿಮಾ ನೋಡ್ತೀರಿ, ನಾಲ್ಕೈದು ಸಲ ಬೆಚ್ಚಿ ಬೀಳ್ತೀರಿ, ಆದ್ರೆ ಭಯ ಮಾತ್ರ ಆಗಲ್ಲ. ಯಾಕೆ? ಏಕಾಏಕಿ ಬರೋ ದೊಡ್ಡ ಸದ್ದಿಗೆ ಯಾರಾದ್ರೂ ಬೆಚ್ಚುತ್ತಾರೆ. ಎರಡು ನಿಮಿಷದಲ್ಲಿ ಮರೆತೂ ಹೋಗುತ್ತೆ.

ಜಪಾನಿನ 'ಕೈರೋ' ನೋಡಿ. 2001ರ ಸಿನಿಮಾ, ಕಿಯೋಶಿ ಕುರೊಸಾವಾ ನಿರ್ದೇಶನ. ಮಬ್ಬು ಕೋಣೆ. ಆ ತುದಿಯಿಂದ ಒಬ್ಬ ಹೆಂಗಸು ನಿಧಾನಕ್ಕೆ ನಡ್ಕೊಂಡು ಬರ್ತಾಳೆ. ನಡುವೆ ಕಾಲು ಕುಸಿಯುತ್ತೆ, ಮೈ ವಾಲುತ್ತೆ, ಸಾವರಿಸಿಕೊಂಡು ಮತ್ತೆ ಬರ್ತಾಳೆ. ಕಿರುಚಾಟ ಇಲ್ಲ, ರಕ್ತ ಇಲ್ಲ, ನಿರ್ದೇಶಕರಿಗೆ ಅವಸರವೂ ಇಲ್ಲ. ಆ ನಡಿಗೆಯಲ್ಲಿ ಏನೋ ಸರಿಯಿಲ್ಲ ಅಂತ ನಮ್ಮ ಮೈಗೆ ಮೊದಲು ಗೊತ್ತಾಗುತ್ತೆ, ಬುದ್ಧಿಗೆ ಆಮೇಲೆ. ನನ್ನ ಮಟ್ಟಿಗೆ ಇದಕ್ಕಿಂತ ಭಯಂಕರ ದೃಶ್ಯ ಇನ್ನೊಂದಿಲ್ಲ.

ಕತ್ತಲೇ ಬೇಕು ಅಂತಾನೂ ಇಲ್ಲ. 1961ರ 'ದಿ ಇನ್ನೊಸೆಂಟ್ಸ್'ನಲ್ಲಿ ಹಾಡಹಗಲೇ, ಕೆರೆಯ ಜೊಂಡಿನ ನಡುವೆ ಕಪ್ಪು ಬಟ್ಟೆಯ ಆಕೃತಿಯೊಂದು ಸುಮ್ಮನೆ ನಿಂತಿರುತ್ತೆ. ಅಷ್ಟೇ!

ಹತ್ತಿರದ್ದೇ ಬೇಕಾ? ಮಲಯಾಳಂನ 'ಭೂತಕಾಲಂ', 2022. ರೇವತಿ, ಶೇನ್ ನಿಗಮ್ ತಾಯಿ-ಮಗ. ಅವರ ಕಷ್ಟವನ್ನ ಸುತ್ತಲಿನವರು ನಂಬದಿರೋದೇ ನಮ್ಮನ್ನ ಹೆಚ್ಚು ಕಾಡುತ್ತೆ.

ಟ್ರೇಲರ್ ನೋಡಿ ತೀರ್ಮಾನ ಮಾಡಬೇಡಿ. ಒಂದು ಸಿನಿಮಾ ಹೆದರಿಸಿದ್ರೆ ಆ ನಿರ್ದೇಶಕರ ಹಿಂದಿನ ಕೆಲಸ ಹುಡುಕಿ. ಕುರೊಸಾವಾ ಅವರ 1997ರ 'ಕ್ಯೂರ್' ಹಾಗೇ ಸಿಗೋದು. ಅದರಲ್ಲಿ ದೆವ್ವವೇ ಇಲ್ಲ, ಆದ್ರೂ ನಡುಗಿಸುತ್ತೆ. ನೋಡುವಾಗ ಮೊಬೈಲ್ ದೂರ ಇಡಿ, ಲೈಟ್ ಆರಿಸಿ, ಗುಂಪು ಕಟ್ಟಿಕೊಳ್ಳದೆ ಒಬ್ಬರೇ ಕೂತ್ಕೊಳ್ಳಿ.

ಮೊದಲು 'ಕೈರೋ' ನೋಡಿ. ನಿಮ್ಮನ್ನ ನಿಜವಾಗಿ ಹೆದರಿಸಿದ ಸಿನಿಮಾ ಯಾವುದು ಅಂತ ಕಾಮೆಂಟ್‌ನಲ್ಲಿ ತಿಳಿಸಿ.