ಪೇಟೆಯ ತವರೂರು ಯಲಹಂಕ

ಹೆಬ್ಬಾಳವನ್ನು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣದತ್ತ ಧಾವಿಸುವ ವಾಹನಗಳಲ್ಲಿ ಕುಳಿತವರಿಗೆ ಯಲಹಂಕವೆಂಬುದು ಕ್ಷಣಮಾತ್ರ ಕಂಡು ಮರೆಯಾಗುವ ಒಂದು ನಾಮಫಲಕವಷ್ಟೆ. ಆದರೆ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿ, ಕಂಡಕ್ಟರು ‘ಸಂತೆ ಸರ್ಕಲ್’ ಎಂದು ಕೂಗಿದಲ್ಲಿ ಇಳಿದು, ಹಳೆಯ ಊರಿನ ಬೀದಿಗಳಲ್ಲಿ ನಿಧಾನವಾಗಿ ನಡೆಯಬಲ್ಲ ವ್ಯವಧಾನವುಳ್ಳವರಿಗೆ, ಬೆಂಗಳೂರಿನ ಪೇಟೆಗಿಂತ ವಯಸ್ಸಿನಲ್ಲಿ ಹಿರಿದಾದ ಪಟ್ಟಣವೊಂದರ ಪರಿಚಯವಾಗುತ್ತದೆ.

ಸಂತೆಯೆಂದರೆ ನಾಲ್ಕು ಜನ ತಾವಾಗಿ ಬಂದು ಬುಟ್ಟಿ ಇಳಿಸಿದ ಜಾಗವೆಂದು ನಾವು ಭಾವಿಸುವುದುಂಟು. ನಮ್ಮ ಶಾಸನಗಳು ಹೇಳುವುದು ಬೇರೆ. ಹೊಸದಾಗಿ ಸಂತೆಯನ್ನು ಕಟ್ಟಿಸುವುದು ಪ್ರಭುವಿನ ಅನುಮತಿಯಿಂದ ನಡೆಯತಕ್ಕ ಕಾರ್ಯವಾಗಿತ್ತು. ಅದನ್ನು ನೆಲೆಗೊಳಿಸಿದ ಸೆಟ್ಟಿಗೆ ಪಟ್ಟಣಸ್ವಾಮಿಯೆಂಬ ಪದವಿಯೂ ಮಾನ್ಯದ ಭೂಮಿಯೂ ದೊರೆಯುತ್ತಿದ್ದವು. ಬಂದ ಸುಂಕದಲ್ಲಿ ದೇವಾಲಯದ ನಂದಾದೀಪಕ್ಕೂ ಒಂದು ಪಾಲು ಸಲ್ಲುತ್ತಿತ್ತು. ಇಂಗ್ಲೆಂಡಿನ ಹಳೆಯ ಸಂತೆಯೂರುಗಳ ಕಥೆಯೂ ಹೀಗೆಯೇ ಇದೆ: ಕಾಟ್ಸ್‌ವೋಲ್ಡ್ ಗುಡ್ಡಗಳ ಮೇಲಿನ ಸ್ಟೋ ಎಂಬ ಊರಿಗೆ 1107ರಲ್ಲಿ ಮೊದಲನೆಯ ಹೆನ್ರಿ ದೊರೆಯಿಂದ ಸಂತೆಯ ಸನ್ನದು ದೊರೆಯಿತು, ಅಲ್ಲಿನ ಚೌಕದ ಕಲ್ಲುಕಂಬವನ್ನೂ, ಕುರಿಗಳನ್ನು ಒಂದೊಂದಾಗಿ ಎಣಿಸಿ ಒಳಬಿಡಲು ಅನುಕೂಲವಾಗಿದ್ದ ಇಕ್ಕಟ್ಟಿನ ಓಣಿಗಳನ್ನೂ ನೋಡಲು ಪ್ರವಾಸಿಗಳು ಇಂದಿಗೂ ಹೋಗುತ್ತಾರೆ.

ಯಲಹಂಕದ ವೈಶಿಷ್ಟ್ಯವಾದರೋ, ಅದು ತನ್ನ ಐಸಿರಿಯನ್ನು ತನ್ನಲ್ಲಿಯೇ ಉಳಿಸಿಕೊಳ್ಳಲಿಲ್ಲವೆಂಬುದು. ವಿಜಯನಗರದ ಸಾಮಂತರಾಗಿ ಇಲ್ಲಿಂದ ಆಳಿದ ಯಲಹಂಕ ನಾಡಪ್ರಭುಗಳಲ್ಲಿ ಅಗ್ರಗಣ್ಯನಾದ ಕೆಂಪೇಗೌಡನು, ಅಲ್ಲಿನ ಅರಸನಾದ ಅಚ್ಯುತರಾಯನ ಸಮ್ಮತಿಯನ್ನು ಪಡೆದು, 1537ರಲ್ಲಿ ದಕ್ಷಿಣದ ಬಯಲಿನಲ್ಲಿ ಮಣ್ಣಿನ ಕೋಟೆಯೊಂದನ್ನು ಕಟ್ಟಿಸಿ, ಒಳಗೆ ದೊಡ್ಡಪೇಟೆ ಚಿಕ್ಕಪೇಟೆಗಳು ಪರಸ್ಪರ ಕತ್ತರಿಸುವಂತೆ ಬೀದಿಗಳನ್ನು ಎಳೆಸಿದನು. ಅವುಗಳ ಕೂಡುವೆಡೆಯಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದ ಎತ್ತುಗಳು ನಿಂತಲ್ಲಿಗೆ ಊರಿನ ಎಲ್ಲೆಯಾಯಿತೆಂಬುದು ಪ್ರತೀತಿ. ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆಗಳೆಂದು ಕಸುಬಿಗೊಂದು ಬೀದಿ ತುಂಬಿತು. ನಾಡಪ್ರಭುವೇ ಹೊಸ ಊರಿಗೆ ಹೊರಟ ಮೇಲೆ ವರ್ತಕರು ಹಿಂದೆ ಉಳಿದಾರೆಯೇ? ಆದರೂ ಮಗಳಾದ ಬೆಂಗಳೂರು ತವರನ್ನು ಪೂರ್ತಿ ಮರೆಯಲಿಲ್ಲ. ಕೋಟೆಯ ಉತ್ತರದ ದ್ವಾರ, ಎಂದರೆ ಇಂದಿನ ಮೈಸೂರು ಬ್ಯಾಂಕ್ ವೃತ್ತದ ಆಸುಪಾಸು, ಯಲಹಂಕ ಬಾಗಿಲೆಂದೇ ಹೆಸರಾಯಿತು.

ಇಲ್ಲಿ ಒಂದು ಲೆಕ್ಕವನ್ನು ಹೇಳಬೇಕೆನಿಸುತ್ತದೆ. ಹದಿಮೂರನೆಯ ಶತಮಾನದ ಆಂಗ್ಲ ನ್ಯಾಯಶಾಸ್ತ್ರಜ್ಞನಾದ ಬ್ರಾಕ್ಟನ್ನನ ಗ್ರಂಥದ ಪ್ರಕಾರ, ಒಂದು ಸಂತೆಗೆ ಆರೂವರೆ ಮೈಲಿಗಿಂತ ತುಸು ಹೆಚ್ಚಿನ ಅಂತರದೊಳಗೆ ಇನ್ನೊಂದು ಸಂತೆ ಏಳಕೂಡದು; ಏಕೆಂದರೆ ಮನುಷ್ಯನ ಒಂದು ದಿನದ ನಡಿಗೆ ಇಪ್ಪತ್ತು ಮೈಲಿ, ಅದರಲ್ಲಿ ಮೂರರಲ್ಲೊಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಉಳಿದುದು ಹೊತ್ತು ಮುಳುಗುವುದರೊಳಗೆ ಮನೆ ಸೇರುವುದಕ್ಕೆ. ಬೆಂಗಳೂರಿನ ಪೇಟೆಗೂ ಯಲಹಂಕಕ್ಕೂ ಇರುವ ದೂರ ಇದಕ್ಕಿಂತ ಹೆಚ್ಚು. ಆ ದೇಶದ ಕಾಯಿದೆಯಂತೆಯೂ ಇವೆರಡೂ ಜಗಳವಿಲ್ಲದೆ ಬಾಳಬಹುದಾಗಿತ್ತು! ನಮ್ಮವರು ಕಾಯಿದೆ ಬರೆಯುವ ಗೋಜಿಗೆ ಹೋಗದೆ, ಸೋಮವಾರ ಒಂದೂರು ಮಂಗಳವಾರ ಇನ್ನೊಂದೂರು ಎಂದು ವಾರಗಳನ್ನೇ ಹಂಚಿಕೊಂಡು ಅದೇ ಪ್ರಯೋಜನವನ್ನು ಪಡೆದರು. ಇದು ಹೆಚ್ಚು ಜಾಣತನವೆಂದೇ ನನ್ನ ಅಭಿಮತ.

ಕೋಟೆಯನ್ನು ಹುಡುಕಿಕೊಂಡು ಬಂದವರಿಗೆ ಯಲಹಂಕದಲ್ಲಿ ನಿರಾಶೆಯಾದೀತು. ವೇಣುಗೋಪಾಲಸ್ವಾಮಿಯ ಗುಡಿಯ ಸುತ್ತಿನ ಕಿರಿದಾದ ಬೀದಿಗಳಲ್ಲಿಯೂ, ಅಂಗಡಿಯ ಹಲಗೆಬಾಗಿಲುಗಳಲ್ಲಿಯೂ, ಜಗಲಿಯನ್ನು ಉಳಿಸಿಕೊಂಡ ಒಂದೆರಡು ಮನೆಗಳಲ್ಲಿಯೂ ಮಾತ್ರ ಹಳೆಯ ಊರನ್ನು ಹುಡುಕಬೇಕು. ಬೀದಿಯ ಬದಿಯಲ್ಲಿ ಗೋಣಿಚೀಲ ಹಾಸಿ ಅವರೆಕಾಯಿ ರಾಶಿ ಹಾಕಿದ ಅಜ್ಜಿ, ಸೊಗಡು ಕೈಗೆ ಹತ್ತುವಂತೆ ಒಂದು ಕಾಯನ್ನು ಉಜ್ಜಿ ಗಿರಾಕಿಯ ಮೂಗಿನ ಬಳಿ ಹಿಡಿಯುತ್ತಾಳೆ. ತಕ್ಕಡಿಯ ಮುಳ್ಳು ಸಮನಾಗಿ ನಿಂತ ಮೇಲೆಯೂ ಗಿರಾಕಿ ಚೀಲದ ಬಾಯನ್ನು ಮುಚ್ಚುವುದಿಲ್ಲ. ‘ಕೊಸರು ಹಾಕವ್ವ’ ಎಂದರೆ, ‘ಆಗಲೇ ಹಾಕಿವ್ನಿ ಕಣಪ್ಪ’ ಎಂದು ಗದರುತ್ತಲೇ ಇನ್ನೊಂದು ಬೊಗಸೆ ಸುರಿಯುತ್ತಾಳೆ. ಪಕ್ಕದ ಉಪನಗರದ ನೇರವಾದ, ಅಗಲವಾದ ರಸ್ತೆಗಳಲ್ಲಿ ಗಾಳಿ ಬೆಳಕು ಧಾರಾಳವಾಗಿವೆ. ಈ ಸಂಭಾಷಣೆ ಮಾತ್ರ ಅಲ್ಲಿನ ಗಾಜಿನ ಬಾಗಿಲ ಅಂಗಡಿಗಳಲ್ಲಿ ನಡೆಯಲಾರದು.

ಬರುವವರು ಧನುರ್ಮಾಸದ ಬೆಳಗಿನಲ್ಲಿ ಬರುವುದು ಉತ್ತಮ. ಅವರೆಯ ಕಾಲವೂ ಅದೇ. ಯಶವಂತಪುರದ ಕಡೆಯವರಿಗೆ ಕೊಡಿಗೇಹಳ್ಳಿಯ ಮೇಲೆ ಹಾದುಬರುವ ರೈಲು ಅನುಕೂಲ, ಆರ್. ಟಿ. ನಗರದವರಿಗೆ ಹೆಬ್ಬಾಳದ ಮಾರ್ಗವಾಗಿ ಬರುವ ಬಸ್ಸೇ ಸಾಕು. ಕೈಯಲ್ಲೊಂದು ಬಟ್ಟೆಯ ಚೀಲವೂ, ಕಿಸೆಯಲ್ಲಿ ಚಿಲ್ಲರೆಯೂ ಇರಲಿ.